ಪಿಎಚ್ ಯಾವಾಗಲೂ 7.2

ನಮ್ಮಪ್ಪ ನೀರುಗಂಟಿ. ಪಾವಗಡ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಬೆಳಗ್ಗೆ ಐದಕ್ಕೆ ಎದ್ದು ಬೋರಿನ ಮೋಟರ್ ಹಾಕುವುದು, ಟ್ಯಾಂಕ್ ತುಂಬಿಸುವುದು, ಬೀದಿಗೊಂದರಂತೆ ವಾಲ್ವ್ ತಿರುಗಿಸುವುದು, ಆಮೇಲೆ ನೀರು ಬರಲಿಲ್ಲ ಅಂದವರ ಕೈಲಿ ಬೈಸಿಕೊಳ್ಳುವುದು. ಇದು ಅವನ ದಿನಚರಿ. ವಾರಕ್ಕೊಂದು ಸಲ ಬ್ಲೀಚಿಂಗ್ ಪೌಡರ್ ಮೂಟೆ ಬಿಚ್ಚಿ ಎರಡು ಬೊಗಸೆ ಬಕೆಟ್ಟಿಗೆ ಹಾಕಿ, ಕಲಸಿ, ಟ್ಯಾಂಕಿಗೆ ಸುರಿಯುತ್ತಿದ್ದ. ಎರಡೇ ಬೊಗಸೆ ಯಾಕೆ, ಮೂರು ಯಾಕಲ್ಲ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ಕೇಳುತ್ತಿದ್ದದ್ದು ಬೇರೆ ಪ್ರಶ್ನೆ. ನನ್ನ ಹಲ್ಲು ಯಾಕೆ ಹೀಗೆ? ಮುಂದಿನ ನಾಲ್ಕು ಹಲ್ಲಿನ ಮೇಲೆ ಕಂದು ಗೆರೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಹಾಗೇ ಇತ್ತು, ಹಾಗಾಗಿ ಊರಲ್ಲಿ ಇರುವವರೆಗೆ ಅದು ಕಾಣಲೇ ಇಲ್ಲ. ತುಮಕೂರಿಗೆ ಐಟಿಐ ಓದಲು ಹೋದಾಗ ಗ್ರೂಪ್ ಫೋಟೋದಲ್ಲಿ ನಾನೊಬ್ಬನೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಬೋರ್ ನೀರಿನ ಫ್ಲೋರೈಡ್ ಅದು. ಅಜ್ಜಿ ಪಾಪ, ನೀರು ಕಾಯಿಸಿ ಆರಿಸಿ ಕೊಡುತ್ತಿದ್ದಳು. ಕಾಯಿಸಿದರೆ ಹುಳ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು, ಅದು ತಳದಲ್ಲೇ ಉಳಿಯುತ್ತದೆ. ಇದು ನನಗೆ ಗೊತ್ತಾದದ್ದು ಅಜ್ಜಿ ಹೋದಮೇಲೆ.

ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಒಂದು ವರ್ಷ ಸುಮ್ನೆ ಅಲೆದೆ. 2021ರಲ್ಲಿ ಭಾವ ಫೋನ್ ಮಾಡಿ, ಬೆಂಗಳೂರಲ್ಲಿ ವಾಟರ್ ಪ್ಲಾಂಟ್‌ನಲ್ಲಿ ಕೆಲಸ ಇದೆ ಬಾ ಅಂದರು. ಕೈಗೆ 13 ಸಾವಿರ, ಹನ್ನೆರಡು ಗಂಟೆ ಶಿಫ್ಟ್, ಇರಲು ರೂಮು. ಅಮ್ಮ ನೆಂಟರಿಗೆಲ್ಲ ಮಗ ಪ್ಲಾಂಟ್ ಆಪರೇಟರ್ ಅಂತ ಹೇಳಿದಳು. ಯಾವ ಪ್ಲಾಂಟ್ ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಅದು ದೊಡ್ಡ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ. ಕಾರ್ ಪಾರ್ಕಿಂಗಿನ ಕೆಳಗೆ ಇನ್ನೊಂದು ನೆಲಮಾಳಿಗೆ. ಬಾಗಿಲು ತೆಗೆದ ತಕ್ಷಣ ಮೊದಲು ಸದ್ದು, ಆಮೇಲೆ ಸೆಕೆ, ಆಮೇಲೆ ವಾಸನೆ. ಕರ್ಚೀಫು ಮೂಗಿಗೆ ಹೋಯಿತು.

ಅಲ್ಲಿದ್ದ ಹಿರಿಯ ಆಪರೇಟರ್ ಕೊಪ್ಪಳದ ಕಡೆಯವರು. ಎಲ್ಲರಿಗೂ ಅವರು ಅಣ್ಣ. ನನ್ನ ಕೈಯಿಂದ ಕರ್ಚೀಫು ಮೆಲ್ಲಗೆ ಕೆಳಗಿಳಿಸಿದರು. "ಮೂಗು ಮುಚ್ಚಕೋಬ್ಯಾಡ ತಮ್ಮಾ. ಇಲ್ಲಿ ಮೂಗೇ ನಿನ್ನ ಮೀಟರ್ ಐತಿ."

ಇನ್ನೂರು ಚಿಲ್ಲರೆ ಮನೆಗಳ ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರೆಲ್ಲ ಬಂದು ಮೊದಲು ಒಂದು ಕಬ್ಬಿಣದ ಜಾಲರಿಗೆ ಬೀಳುತ್ತದೆ. ದಿನಕ್ಕೆ ಎರಡು ಸಲ ಅದನ್ನು ಗೋರಬೇಕು. ಪ್ಯಾಡು, ಡೈಪರು, ಚಪಾತಿ, ಕಾಂಡೋಮು, ಒಮ್ಮೆ ಒಂದು ಟಿವಿ ರಿಮೋಟು. ಅಲ್ಲಿಂದ ಒಂದು ತೊಟ್ಟಿಗೆ, ಅಲ್ಲಿಂದ ಏರೇಷನ್ ಟ್ಯಾಂಕಿಗೆ. ತಳದಿಂದ ಬ್ಲೋವರ್ ಗಾಳಿ ಊದುತ್ತಲೇ ಇರುತ್ತದೆ. ನೀರು ಕಂದಾಗಿ ಕುದಿಯುವ ಹಾಗೆ ಕಾಣುತ್ತದೆ. ಆ ಕಂದು ಬಣ್ಣ ಕೊಳೆಯದ್ದು ಅಂದುಕೊಂಡಿದ್ದೆ. ಅಲ್ಲ, ಅದು ಕೊಳೆ ತಿನ್ನುವ ಹುಳಗಳದ್ದು. ಬ್ಯಾಕ್ಟೀರಿಯಾ ಅಂತ ಪುಸ್ತಕ ಹೇಳುತ್ತದೆ, ಅಣ್ಣ ಹುಳ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

"ಎಮ್ಮಿ ಸಾಕಿದಂಗ ತಮ್ಮಾ. ಹೊತ್ತಿಗೆ ಮೇವು ಬೇಕು, ಗಾಳಿ ಬೇಕು. ಸಗಣಿ ತೆಗೀಬೇಕು. ತೆಗೀಲಿಲ್ಲಂದ್ರ ಕೊಟಗಿ ತುಂಬತೈತಿ."

ಕೊಳೆ ತಿಂದು ಹುಳ ಹೆಚ್ಚುತ್ತವೆ. ಪಕ್ಕದ ತೊಟ್ಟಿಯಲ್ಲಿ ತಳಕ್ಕೆ ಕೂರುತ್ತವೆ, ಮೇಲೆ ತಿಳಿನೀರು ಉಳಿಯುತ್ತದೆ. ಕೂತದ್ದರಲ್ಲಿ ಬಹುಪಾಲನ್ನು ವಾಪಸು ಏರೇಷನ್ ಟ್ಯಾಂಕಿಗೆ ಕಳಿಸಬೇಕು, ಹೆಚ್ಚಾದದ್ದನ್ನು ತೆಗೆದು ಒಣಗಿಸಬೇಕು. ತಿಳಿನೀರು ಮರಳಿನ ಫಿಲ್ಟರ್, ಇದ್ದಲಿನ ಫಿಲ್ಟರ್ ದಾಟಿ, ಹೈಪೋ ಅನ್ನುವ ಕ್ಲೋರಿನ್ ದ್ರಾವಣ ಹಾಕಿಸಿಕೊಂಡು ಫ್ಲಶ್‌ಗೆ, ಗಿಡಕ್ಕೆ ಹೋಗುತ್ತದೆ. ಇಷ್ಟೇ. ಹೇಳುವುದಕ್ಕೆ ಐದು ನಿಮಿಷ, ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಆರು ತಿಂಗಳು ನಾನು ಏನೂ ಕಲಿಯಲಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಯಾಕೆಂದರೆ ರಿಜಿಸ್ಟರ್. ಮೇಜಿನ ಮೇಲೆ ಒಂದು ದೊಡ್ಡ ಪುಸ್ತಕ. ಪಿಎಚ್, ಡಿಒ, ಎಂಎಲ್‌ಎಸ್‌ಎಸ್, ಬ್ಲೋವರ್ ಗಂಟೆ, ಹೈಪೋ ಎಷ್ಟು ಲೀಟರ್, ಎಲ್ಲಕ್ಕೂ ಕಾಲಂ. ಪಿಎಚ್ ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ. ಡಿಒ ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ಎಂಎಲ್‌ಎಸ್‌ಎಸ್ ಅಂದರೆ ಸುಮಾರಾಗಿ ಹುಳಗಳ ತೂಕ. ಅಣ್ಣನದು ಹಗಲು ಪಾಳಿ. ರಾತ್ರಿ ಪಾಳಿಯ ಹುಡುಗ ನನಗೆ ಪುಸ್ತಕ ತುಂಬುವುದನ್ನು ಹೇಳಿಕೊಟ್ಟ. ಪಿಎಚ್ 7.2. ಡಿಒ 2.0. ಎಂಎಲ್‌ಎಸ್‌ಎಸ್ 3500. "ದಿನಾ ಇದೇ ಬರಿ ಗುರು, ಯಾರೂ ಕೇಳಲ್ಲ. ಆಗೊಮ್ಮೆ ಈಗೊಮ್ಮೆ 7.1 ಹಾಕು, ನಿಜ ಅನ್ನಿಸುತ್ತೆ." ಡಿಒ ಮೀಟರಿನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ ದೇವರಿಗೇ ಗೊತ್ತು. ಅವನು ಊರಿಗೆ ಹೋದಮೇಲೆ ರಾತ್ರಿ ಪಾಳಿ ನನ್ನ ತಲೆಗೆ ಬಂತು. ನಾನು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಭಾನುವಾರ ಕೂತು ಇಡೀ ವಾರದ್ದನ್ನು ಒಂದೇ ಸಲ ಬರೆದುಬಿಡುತ್ತಿದ್ದೆ.

ಒಂದು ದಿನ ಏರೇಷನ್ ಟ್ಯಾಂಕಿನ ಬಣ್ಣ ಬದಲಾಯಿತು. ಕಂದು ಹೋಗಿ ಬೂದು. ಮೇಲೆ ಬಿಳಿ ನೊರೆ. ಮರುದಿನ ಫ್ಲಶ್ ನೀರು ಕಲಗಚ್ಚಿನ ಹಾಗೆ. ಮೂರನೇ ದಿನ ಐದನೇ ಮಹಡಿಯ ಒಬ್ಬ ಯಜಮಾನರು ಬಾಟಲಿಯಲ್ಲಿ ನೀರು ಹಿಡಿದುಕೊಂಡು ಕೆಳಗೆ ಬಂದರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏನೇನು ನಡೆಯಿತೋ, ಸಂಜೆಗೆ ಎಸ್‌ಟಿಪಿ ನೋಡಿಕೊಳ್ಳುವ ಕಂಪನಿಯ ಕೆಮಿಸ್ಟ್ ಮೇಡಂ ಬಂದರು. ನಾನು ನಡುಗುತ್ತಾ ರಿಜಿಸ್ಟರ್ ಕೊಟ್ಟೆ. ಅವರು ಹಿಂದಕ್ಕೆ ಹದಿನೈದು ಪುಟ ತಿರುವಿದರು. 7.2, 7.2, 7.1, 7.2.

"ಈ ಪುಸ್ತಕದ ಪ್ರಕಾರ ನಿಮ್ಮ ಪ್ಲಾಂಟು ಸ್ವರ್ಗದಲ್ಲಿದೆ" ಅಂದರು. ಆಮೇಲೆ ನನ್ನನ್ನು ನೋಡಿ, "ನಾಳೆದೂ ಬರೆದಿದ್ದೀರಲ್ಲಪ್ಪ" ಅಂದರು.

ಹೌದು, ಬರೆದಿದ್ದೆ.

ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅವರು ಬೈಯಲಿಲ್ಲ. ತಮ್ಮ ಬ್ಯಾಗಿನಿಂದ ಡಿಒ ಮೀಟರ್ ತೆಗೆದು ಟ್ಯಾಂಕಿಗೆ ಇಳಿಬಿಟ್ಟರು. 5.8 ತೋರಿಸಿತು. ಆಮ್ಲಜನಕ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ ಕೇಳಿದೆ. "ಮನೆಯಲ್ಲಿ ಮಾಡಿದ ಅನ್ನ ಹಾಗೇ ಉಳಿದರೆ ಏನರ್ಥ? ಉಣ್ಣುವವರು ಇಲ್ಲ ಅಂತ. ಇಲ್ಲಿ ಉಸಿರಾಡುವವರು ಇಲ್ಲ." ಹುಳ ಸತ್ತಿದ್ದವು. ವಿಚಾರಿಸಿದಾಗ, ಆ ವಾರ ಸಂಪು, ಓವರ್‌ಹೆಡ್ ಟ್ಯಾಂಕು ತೊಳೆಯಲು ಬಂದವರು ಕ್ಯಾನುಗಟ್ಟಲೆ ಹೈಪೋ ಬಳಸಿ ಎಲ್ಲವನ್ನೂ ಚರಂಡಿಗೆ ಬಿಟ್ಟಿದ್ದು ಗೊತ್ತಾಯಿತು. ಸೋಮವಾರವೋ ಮಂಗಳವಾರವೋ ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಮೊದಲ ರಾತ್ರಿಯೇ ಡಿಒ ನೋಡಿದ್ದರೆ 2ರಿಂದ ಮೇಲೇರುವುದು ಕಾಣುತ್ತಿತ್ತು. ಒಳಹರಿವನ್ನು ತಡೆದಿದ್ದರೆ ಅರ್ಧ ಹುಳಗಳಾದರೂ ಉಳಿಯುತ್ತಿದ್ದವು. ತೋರಿಸಬೇಕಾದ ಪುಸ್ತಕವನ್ನು ನಾನೇ ಕುರುಡು ಮಾಡಿದ್ದೆ.

ಮತ್ತೆ ಹುಳ ಎಬ್ಬಿಸುವುದು ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಬೇರೆ ಅಪಾರ್ಟ್‌ಮೆಂಟಿನ ಆರೋಗ್ಯವಾಗಿದ್ದ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಸ್ಲಡ್ಜ್, ಅಂದರೆ ಹುಳ ತುಂಬಿದ ಕೆಸರು, ತರಿಸಿದೆವು. ಮೇಲೆ ಸಗಣಿ ಕರಗಿಸಿ ಹಾಕಿದೆವು, ಬೆಲ್ಲ ಹಾಕಿದೆವು. ಬೆಂಗಳೂರಿನಲ್ಲಿ ಸಗಣಿ ಹುಡುಕಿಕೊಂಡು ಸ್ಕೂಟರಿನಲ್ಲಿ ಅಲೆದ ಐಟಿಐ ಪದವೀಧರ ನಾನೊಬ್ಬನೇ ಇರಲಾರೆ. ಆ ಮೂರು ವಾರ ದಿನಕ್ಕೆ ನಾಲ್ಕು ಸಲ ಅಳತೆ ಮಾಡಿದೆ. ಒಂದು ಲೀಟರಿನ ಗಾಜಿನ ಸಿಲಿಂಡರಿನಲ್ಲಿ ಟ್ಯಾಂಕಿನ ನೀರು ತುಂಬಿಸಿ ಅರ್ಧ ಗಂಟೆ ಅಲುಗಿಸದೆ ಬಿಡಬೇಕು. ತಳದಲ್ಲಿ ಎಷ್ಟು ಮಿಲಿಲೀಟರ್ ಕೂತಿದೆ ನೋಡಬೇಕು. ಮೊದಲ ದಿನ 40. ಆಮೇಲೆ 60, 90, 150. ಬೆಳೆ ಏರುತ್ತಿರುವ ಹಾಗೆ ಖುಷಿಯಾಗುತ್ತಿತ್ತು. 300 ದಾಟಿದ ದಿನ ಅಣ್ಣ ಟೀ ಕೊಡಿಸಿದರು. ಆವತ್ತು ಟ್ಯಾಂಕಿನ ಹತ್ತಿರ ನಿಂತಾಗ ಮೊದಲ ಮಳೆ ಬಿದ್ದ ಹೊಲದ ವಾಸನೆ. ಉತ್ಪ್ರೇಕ್ಷೆ ಅಲ್ಲ, ಹುಳ ಚೆನ್ನಾಗಿದ್ದರೆ ವಾಸನೆ ನಿಜಕ್ಕೂ ಮಣ್ಣಿನದ್ದೇ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಅಂತ.

ಆಮೇಲೆ ಹಬ್ಬಗಳ ಲೆಕ್ಕ ಕಲಿತೆ. ದೀಪಾವಳಿ, ಸಂಕ್ರಾಂತಿಗೆ ಅರ್ಧ ಅಪಾರ್ಟ್‌ಮೆಂಟು ಊರಿಗೆ ಹೋಗುತ್ತದೆ. ಹುಳಗಳಿಗೆ ಉಪವಾಸ. ಆಗ ಬ್ಲೋವರ್ ಗಂಟೆ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಒಂದನ್ನೊಂದು ತಿಂದು ಪುಡಿಪುಡಿಯಾಗಿ ನೀರಿನ ಜೊತೆ ತೇಲಿ ಹೋಗುತ್ತವೆ. ಭಾನುವಾರ ಬೆಳಗ್ಗೆ ಎಲ್ಲರ ಮನೆಯಲ್ಲೂ ವಾಷಿಂಗ್ ಮೆಷಿನ್, ಹತ್ತು ಗಂಟೆಗೆ ನೊರೆ. ಮೇಲಿನ ಮನೆಗಳ ಜೀವನವೆಲ್ಲ ಕೆಳಗೆ ಕೂತವನಿಗೆ ಗೊತ್ತಾಗುತ್ತದೆ. ಯಾರಿಗೂ ಅವನ ಮುಖ ಗೊತ್ತಿರುವುದಿಲ್ಲ.

ಒಂದು ಸಲ ಮಾತ್ರ ಅಣ್ಣ ಜೋರು ದನಿಯಲ್ಲಿ ಮಾತಾಡಿದ್ದು ಕೇಳಿದ್ದೇನೆ. ಒಳಹರಿವಿನ ತೊಟ್ಟಿಯ ಪಂಪು ಬಟ್ಟೆ ಸಿಕ್ಕಿಕೊಂಡು ನಿಂತಿತ್ತು. ಮೇಲುಸ್ತುವಾರಿಯವರು, ಎರಡು ನಿಮಿಷದ ಕೆಲಸ, ಏಣಿ ಹಾಕಿ ಇಳಿದು ಬಿಡಿಸಿಬಿಡು ಅಂತ ನನಗೆ ಹೇಳಿದರು. ನಾನು ಚಪ್ಪಲಿ ಬಿಟ್ಟು ಸಿದ್ಧನಾಗಿದ್ದೆ. ಮೊದಲು ವಾಸನೆ ಜೋರಾಗಿತ್ತು, ಆಮೇಲೆ ಅಷ್ಟು ಬರುತ್ತಿಲ್ಲ, ಗ್ಯಾಸು ಹೋಗಿರಬೇಕು ಅಂತಲೂ ಅಂದೆ. ಅಣ್ಣ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗನ್ನೇ ಸಾಯಿಸುತ್ತದೆ. ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ. ಮೂಗೇ ಮೀಟರ್ ಅಂದವರೇ ಆವತ್ತು ಮೂಗನ್ನು ನಂಬಬೇಡ ಅಂದರು. "ಒಬ್ಬಾಂವ ಬೀಳ್ತಾನ, ಅವನ್ನ ಎತ್ತಾಕ ಇನ್ನೊಬ್ಬಾಂವ ಇಳೀತಾನ, ಅವನ್ನ ಎತ್ತಾಕ ಮತ್ತೊಬ್ಬಾಂವ. ಪೇಪರ್‌ನ್ಯಾಗ ಮೂರ್ ಹೆಸರು." ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ ಅನ್ನುವುದನ್ನೂ ಅವರೇ ಮೇಲುಸ್ತುವಾರಿಯವರಿಗೆ ಹೇಳಿದರು. ಸರಪಳಿ ಹಾಕಿ ಪಂಪನ್ನೇ ಮೇಲಕ್ಕೆ ಎತ್ತಿದೆವು. ನಾಲ್ಕು ಗಂಟೆ ಹಿಡಿಯಿತು. ಆ ನಾಲ್ಕು ಗಂಟೆ ಮನೆಗಳಲ್ಲಿ ಗೊಣಗಾಟ, ಇರಲಿ ಬಿಡಿ.

2024ರ ಮಾರ್ಚಿನಲ್ಲಿ ನಮಗೆ ದಿಢೀರನೆ ಬೆಲೆ ಬಂತು. ಬೋರುಗಳು ಬತ್ತಿದ್ದವು, ಟ್ಯಾಂಕರ್ ರೇಟು ಗಗನಕ್ಕೆ ಹೋಗಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಬಾಟಲಿ ಹಿಡಿದು ಬಂದಿದ್ದ ಐದನೇ ಮಹಡಿಯ ಯಜಮಾನರು ಮತ್ತೆ ಬಂದರು, ಈ ಸಲ ಖಾಲಿ ಬಕೆಟ್ ಹಿಡಿದು. ನಮ್ಮ ನೀರಿನಲ್ಲೇ ಕಾರು ತೊಳೆದು, "ಚೆನ್ನಾಗಿದೆಯಲ್ಲ ರೀ" ಅಂದರು. ಆ ಬೇಸಿಗೆಯಲ್ಲೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ದೊಡ್ಡ ಪ್ಲಾಂಟು ನೋಡಲು ಹೋಗಿದ್ದೆ. ಬೆಂಗಳೂರಿನ ಕೊಳಚೆ ಅಲ್ಲಿ ಶುದ್ಧವಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನಮ್ಮದೇ ಟ್ಯಾಂಕು, ನಮ್ಮದೇ ಹುಳ, ಅಳತೆ ಮಾತ್ರ ಆನೆಯದ್ದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಅಂತ ಕೋಲಾರದವರು ಕೇಳುತ್ತಾ ಬಂದಿದ್ದಾರೆ. ಅದು ನ್ಯಾಯವಾದ ಮಾತು ಅಂತ ನನಗೂ ಅನ್ನಿಸುತ್ತದೆ. ಪ್ಲಾಂಟ್ ನಡೆಸುವವರೇ ಇದನ್ನು ಜೋರಾಗಿ ಹೇಳಬೇಕು.

ಮೇಡಂ ಒತ್ತಾಯಕ್ಕೆ ಕೌಶಲ್ಯ ತರಬೇತಿಯ ಒಂದು ಕೋರ್ಸಿಗೆ ಸೇರಿದೆ. ತರಗತಿಯ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಪಂಖ, ಪ್ರೊಜೆಕ್ಟರು, ಮಧ್ಯಾಹ್ನ ನಿದ್ದೆ. ಆದರೆ ಒಂದು ಲೆಕ್ಕ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ಲೀಟರಿಗೆ ಎಷ್ಟು ಮಿಲಿಗ್ರಾಂ ಬೇಕೋ ಅದನ್ನು ಎಂಎಲ್‌ಡಿಯಿಂದ ಗುಣಿಸಿದರೆ ದಿನಕ್ಕೆ ಎಷ್ಟು ಕಿಲೋ ಅಂತ ಸಿಗುತ್ತದೆ. ಹತ್ತು ಎಂಎಲ್‌ಡಿಗೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಅಂದರೆ 20 ಕಿಲೋ. ಮುಗಿಯಿತು. ಎಸೆಸೆಲ್ಸಿಯಲ್ಲಿ ಗಣಿತಕ್ಕೆ 38 ತೆಗೆದವನಿಗೂ ಬರುವ ಲೆಕ್ಕ. ಅಲ್ಲೇ ಕೂತು ನಮ್ಮೂರಿನ ಟ್ಯಾಂಕಿನ ಲೆಕ್ಕ ಹಾಕಿದೆ. 50,000 ಲೀಟರ್, 2 ಮಿಲಿಗ್ರಾಂ, ಅಂದರೆ 100 ಗ್ರಾಂ ಕ್ಲೋರಿನ್. ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಕಾಲು ಭಾಗ ಅಂತ ಹಿಡಿದರೆ 400 ಗ್ರಾಂ ಪುಡಿ. ಎರಡು ಬೊಗಸೆ ಎಷ್ಟು ಗ್ರಾಂ? ನೋಟ್‌ಬುಕ್ಕಿನ ಅಂಚಿನಲ್ಲಿ ಪ್ರಶ್ನೆ ಬರೆದಿಟ್ಟುಕೊಂಡೆ.

ಫ್ಲೋರೈಡ್ ಪಾಠವೂ ಬಂತು. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ಭಾರತೀಯ ಮಾನಕ. ಆಲಂ, ಸುಣ್ಣ ಹಾಕಿ ಕದಡಿ ಫ್ಲೋರೈಡನ್ನು ಇಳಿಸುವ ನಲಗೊಂಡ ವಿಧಾನ ಅಂತ ಒಂದಿದೆ, ನಾಗಪುರದ ‘ನೀರಿ’ ಅನ್ನುವ ಸಂಶೋಧನಾ ಸಂಸ್ಥೆಯದ್ದು. ಪಾಠ ಮಾಡುವವರು ಸ್ಲೈಡಿನಲ್ಲಿ ಹಲ್ಲಿನ ಫೋಟೋ ತೋರಿಸಿದರು. ಎಲ್ಲರೂ ಅಯ್ಯೋ ಅಂದರು. ನಾನು ಬಾಯಿ ಮುಚ್ಚಿಕೊಂಡು ಕೂತೆ, ಅಭ್ಯಾಸ ಬಲ.

ಅಲ್ಲಿಂದ ಹೊರಗುತ್ತಿಗೆಯಲ್ಲಿ ಹೊಳೆ ದಂಡೆಯ ಒಂದು ಊರಿನ ಕುಡಿಯುವ ನೀರಿನ ಘಟಕಕ್ಕೆ ಟ್ರೈನಿಯಾಗಿ ಹೋದೆ. ಅಮ್ಮ ನಿರಾಳವಾದಳು, ಈಗ ಯಾವ ಪ್ಲಾಂಟ್ ಅಂತಲೂ ಹೇಳಬಹುದಿತ್ತು. ಕೆಲಸ ತಿರುಗಾಮುರುಗಾ. ಅಲ್ಲಿ ಹುಳ ಸಾಕಬೇಕಿತ್ತು, ಇಲ್ಲಿ ಒಂದೂ ಉಳಿಯಕೂಡದು. 100 ಮಿಲಿಲೀಟರಿನಲ್ಲಿ ಒಂದು ಇ-ಕೊಲೈ ಕಂಡರೂ ಫೇಲು. ಹೊಳೆ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ನಿಂದ ನೀರು ಬಂದು ಮೆಟ್ಟಿಲುಮೆಟ್ಟಿಲಾಗಿ ಬೀಳುತ್ತದೆ, ಆಲಂ ಸೇರುತ್ತದೆ. ಆಲಂ ಅಂದರೆ ಕ್ಷೌರದಂಗಡಿಯಲ್ಲಿ ಗಡ್ಡ ಮಾಡಿದಮೇಲೆ ಉಜ್ಜುವ ಸ್ಫಟಿಕದ ಕಲ್ಲಿನ ಜಾತಿಯದ್ದೇ. ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಯ ಹಾಗೆ ಉಂಡೆಯಾಗಿ ತಳ ಸೇರುತ್ತವೆ. ಅಲ್ಲಿನ ಹಳೆಯ ವಾಲ್ವ್‌ಮನ್ ಒಬ್ಬರು, "ನೀರು ತಿಳಿಯಾಗ್ಲಿ ಅಂತ ನಮ್ಮಜ್ಜಿ ಗಡಿಗೆ ಒಳಗೆ ಚಿಲ್ಲದ ಬೀಜ ತೇಯ್ತಿದ್ದಳು, ಅದೇ ಇದು" ಅಂದರು. ಕೋರ್ಸಿನಲ್ಲಿ ಎರಡು ಗಂಟೆ ಹೇಳಿದ್ದು ಒಂದು ವಾಕ್ಯಕ್ಕೆ ಮುಗಿಯಿತು.

ಮರಳಿನ ಫಿಲ್ಟರ್ ತೊಳೆಯುವುದು ನನಗೆ ತುಂಬಾ ಇಷ್ಟವಾದ ಕೆಲಸ. ನೀರು ಮೇಲಿಂದ ಇಳಿಯುತ್ತಾ ಮರಳಿನಲ್ಲಿ ಕೊಳೆ ಕಟ್ಟಿಕೊಂಡಾಗ ಎಲ್ಲ ನಿಲ್ಲಿಸಿ, ತಳದಿಂದ ಮೊದಲು ಗಾಳಿ, ಆಮೇಲೆ ನೀರು ಬಿಡಬೇಕು. ಮರಳು ಅಕ್ಕಿ ಎಸರಿನ ಹಾಗೆ ತಕತಕ ಕುದಿಯುತ್ತದೆ. ಕಂದು ನೀರು ಉಕ್ಕಿ ಕಾಲುವೆಗೆ ಹೋಗುತ್ತದೆ. ನೀರು ತಿಳಿಯಾಗುವ ಆ ಹೊತ್ತಿಗೆ ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಕೊಳೆ ಉಳಿಯುತ್ತದೆ, ರಭಸ ಹೆಚ್ಚು ಮಾಡಿದರೆ ಮರಳೇ ಹೋಗುತ್ತದೆ.

ಇಷ್ಟವಾಗದ್ದು, ಅಥವಾ ಹೆದರಿಕೆಯಾದದ್ದು, ಕ್ಲೋರಿನ್ ರೂಮು. 900 ಕಿಲೋ ಕ್ಲೋರಿನ್ ಹಿಡಿಯುವ ದೊಡ್ಡ ಸಿಲಿಂಡರುಗಳು, ಅಂದರೆ ಟನ್ನರುಗಳು, ಮಲಗಿರುತ್ತವೆ. ಎರಡು ವಾಲ್ವೂ ಒಂದರ ಮೇಲೊಂದು ಬರುವ ಹಾಗೆ ಉರುಳಿಸಿ ಇಡಬೇಕು. ಮೇಲಿನದರಲ್ಲಿ ಗ್ಯಾಸ್ ಬರುತ್ತದೆ, ಕೆಳಗಿನದರಲ್ಲಿ ದ್ರವ. ಸೋರಿಕೆ ಹುಡುಕಲು ಅಮೋನಿಯಾದಲ್ಲಿ ಅದ್ದಿದ ಬತ್ತಿ ಹಿಡಿದು ಸುತ್ತಬೇಕು, ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ. ಸೋರುವ ಜಾಗಕ್ಕೆ ನೀರು ಹಾಕಲೇಬಾರದು. ಕ್ಲೋರಿನ್ ನೀರಿನ ಜೊತೆ ಸೇರಿ ಆಮ್ಲವಾಗಿ ತೂತನ್ನು ಇನ್ನೂ ದೊಡ್ಡದು ಮಾಡುತ್ತದೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದಲ್ಲೇ ಹರಡುತ್ತದೆ. ಹಾಗಾಗಿ ಓಡುವಾಗ ತಗ್ಗಿನ ಕಡೆ ಹೋಗಬಾರದು, ಗಾಳಿಗೆ ಅಡ್ಡವಾಗಿ ಎತ್ತರಕ್ಕೆ ಓಡಬೇಕು. ದಿನಾ ಡ್ಯೂಟಿಗೆ ಬಂದ ತಕ್ಷಣ ಕಟ್ಟಡದ ಮೇಲಿನ ಬಟ್ಟೆ ಚೀಲ ಯಾವ ಕಡೆ ಹಾರುತ್ತಿದೆ ನೋಡುವುದು ಈಗ ಚಟವಾಗಿದೆ. ಊರಿಗೆ ಹೋದಾಗಲೂ ಗಾಳಿ ನೋಡುತ್ತೇನೆ.

ಜುಲೈನಲ್ಲಿ ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿಯಿತು. ನನ್ನ ರಾತ್ರಿ ಪಾಳಿ. ಒಂದು ಗಂಟೆಗೆ ಒಳಬರುವ ನೀರಿನ ಟರ್ಬಿಡಿಟಿ, ಅಂದರೆ ಕದಡು, 30 ಇತ್ತು. ಎರಡೂವರೆಗೆ 400. ಹೊಳೆ ಇಟ್ಟಿಗೆಗೂಡಿನ ಕೆಸರಿನ ಹಾಗೆ ಕೆಂಪಾಗಿತ್ತು. ಹೀಗಾದಾಗ ಜಾರ್ ಟೆಸ್ಟ್ ಮಾಡಬೇಕು. ಆರು ಲೋಟಗಳಲ್ಲಿ ಅದೇ ನೀರು, ಆಲಂ ಮಾತ್ರ ಬೇರೆಬೇರೆ: ಲೀಟರಿಗೆ 20, 30, 40, 50, 60, 70 ಮಿಲಿಗ್ರಾಂ. ಒಂದು ನಿಮಿಷ ಜೋರಾಗಿ ತಿರುಗಿಸಿ, ಹದಿನೈದಿಪ್ಪತ್ತು ನಿಮಿಷ ನಿಧಾನವಾಗಿ ತಿರುಗಿಸಿ, ಅರ್ಧ ಗಂಟೆ ಬಿಡಬೇಕು. ನಿದ್ದೆಗಣ್ಣಿನಲ್ಲಿ ಆರು ಲೋಟದ ಮುಂದೆ ಕೂತೆ. 20ರದ್ದು ಚಹಾದ ಹಾಗೇ ಉಳಿಯಿತು. 50ರದ್ದು ತಿಳಿಯಾಯಿತು. 70ರದ್ದು ಮತ್ತೆ ಮಸುಕು. ಜಾಸ್ತಿ ಹಾಕಿದರೆ ಜಾಸ್ತಿ ಶುದ್ಧ ಅನ್ನುವುದು ಈ ಕೆಲಸದಲ್ಲಿ ಎಲ್ಲೂ ನಿಜವಲ್ಲ. ಆಲಂ ನೀರಿನ ಕ್ಷಾರವನ್ನು ತಿನ್ನುತ್ತದೆ. ಮಳೆ ನೀರಿನಲ್ಲಿ ಅದು ಮೊದಲೇ ಕಡಿಮೆ, ಹಾಗಾಗಿ ಸುಣ್ಣವನ್ನೂ ಸೇರಿಸಬೇಕಾಯಿತು. 50ಕ್ಕೆ ಡೋಸ್ ತಿರುಗಿಸಿದೆ.

ಅಷ್ಟರಲ್ಲಿ ಕೆಟ್ಟ ನೀರು ಫಿಲ್ಟರ್ ತಲುಪಿಯಾಗಿತ್ತು. ನಾಲ್ಕು ಗಂಟೆಗೆ ಫಿಲ್ಟರಿನಿಂದ ಹೊರಬರುವ ನೀರು ಅಳೆದೆ. 1ರ ಒಳಗೆ ಇರಬೇಕು. 6.8 ಬಂತು. ಲೋಟ ತೊಳೆದು, ಗಾಜು ಒರೆಸಿ ಮತ್ತೆ ಅಳೆದೆ. 6.7.

ರಿಜಿಸ್ಟರ್ ಮುಂದೆ ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಹಿಂದಿನ ಸಾಲುಗಳಲ್ಲಿ 0.8, 0.7, 0.9. ಅದರ ಕೆಳಗೆ 6.7 ಬರೆದರೆ ಬೆಳಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಗಂಟೆಗೂ ಎರಡೂವರೆಗೂ ಮಧ್ಯೆ ಯಾಕೆ ನೋಡಲಿಲ್ಲ ಅಂತಲೂ ಕೇಳುತ್ತಾರೆ. ಉತ್ತರ ನನಗೆ ಗೊತ್ತಿತ್ತು, ತೂಕಡಿಸಿದ್ದೆ. 0.9 ಅಂತ ಬರೆಯುವುದು ಎಷ್ಟು ಸುಲಭ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 6.7 ಬರೆದು, ಶಿಫ್ಟ್ ಇನ್‌ಚಾರ್ಜ್ ಸರ್‌ಗೆ ಫೋನ್ ಮಾಡಿದೆ. ಅವರು ಒಳಹರಿವನ್ನು ಅರ್ಧ ಮಾಡಿಸಿದರು. ಫಿಲ್ಟರುಗಳನ್ನು ಒಂದೊಂದಾಗಿ ತೊಳೆಸಿದರು. ಆವತ್ತು ಅರ್ಧ ಊರಿಗೆ ಆರು ಗಂಟೆಯ ನೀರು ಹತ್ತೂವರೆಗೆ ಹೋಯಿತು. ಗೇಟಿನ ಹತ್ತಿರ ಕೊಡ ಹಿಡಿದು ಬಂದ ಹೆಂಗಸರು ಬೈದದ್ದು ಕೇಳಿಸಿಕೊಂಡು ನಿಂತಾಗ ಅಪ್ಪನ ನೆನಪಾಯಿತು. ತೂಕಡಿಸಿದ್ದಕ್ಕೆ ಸರ್ ಹತ್ತಿರವೂ ಬೈಸಿಕೊಂಡೆ, ಅದು ಬೇರೆ.

ಮುಂದಿನ ತಿಂಗಳು ಎರಡು ದಿನ ರಜೆ ಸಿಕ್ಕಿತು. ಬ್ಯಾಗಿನಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ, ಕ್ಲೋರಿನ್ ಪರೀಕ್ಷೆಯ ಡಿಪಿಡಿ ಮಾತ್ರೆಯ ಪೊಟ್ಟಣ. ಊರಲ್ಲಿ ಈಗ ಕುಡಿಯಲು ಆರ್‌ಒ ಘಟಕವಿದೆ, 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್. ತುಂಗಭದ್ರಾ ಹಿನ್ನೀರನ್ನು ಪಾವಗಡದ ಕಡೆಗೆ ತರುವ ಯೋಜನೆಯ ಮಾತು ಆಗ ಕಟ್ಟೆಯ ಮೇಲೆ ದಿನಾ ನಡೆಯುತ್ತಿತ್ತು. ಆದರೂ ಬಳಕೆಗೆ ಅಪ್ಪನ ಟ್ಯಾಂಕೇ. ಹಾಗೇ ಕುಡಿಯುವವರೂ ಇದ್ದಾರೆ.

"ಅಪ್ಪಾ, ನೀನು ಯಾವಾಗ್ಲೂ ಹಾಕೋ ಹಂಗೆ ಎರಡು ಬೊಗಸೆ ಇದ್ರೊಳಗೆ ಹಾಕು" ಅಂತ ತಕ್ಕಡಿಯ ಮೇಲೆ ತಟ್ಟೆ ಇಟ್ಟೆ. ಹಾಕಿದ. 415 ಗ್ರಾಂ.

ನನಗೆ ನಗು ತಡೆಯಲಾಗಲಿಲ್ಲ. ಹಲ್ಲು ಕಾಣುವ ಹಾಗೇ ನಕ್ಕೆ. ಅಪ್ಪನಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಕೋರ್ಸಿನಲ್ಲಿ ಹಾಕಿದ ಲೆಕ್ಕ ವಿವರಿಸಿದೆ. "ನಮ್ಮ ಹಳೇ ನೀರುಗಂಟಿ ಹೇಳಿಕೊಟ್ಟಿದ್ದು ಕಣೋ, ಎರಡು ಬೊಗಸೆ ಅಂತ" ಅಂದ. ಅವರಿಗೆ ಯಾರು ಹೇಳಿದ್ದರೋ.

ಮರುದಿನ ಬೆಳಗ್ಗೆ ಪುಡಿ ಹಾಕಿದ ಟ್ಯಾಂಕಿನ ನೀರು ಬಿಟ್ಟಮೇಲೆ ಇಬ್ಬರೂ ಊರಿನ ಕೊನೆಯ ಮನೆಯ ನಲ್ಲಿಗೆ ಹೋದೆವು. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಸಣ್ಣ ಗಾಜಿನ ಶೀಶೆಯಲ್ಲಿ ನೀರು ಹಿಡಿದು ಮಾತ್ರೆ ಹಾಕಿದೆ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು. ಅಪ್ಪ ಶೀಶೆಯನ್ನು ಆಕಾಶಕ್ಕೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

"ಬಣ್ಣ ಬರಲಿಲ್ವಲ್ಲೋ."

ಬರಲಿಲ್ಲ. ವಾಪಸು ಬಂದು ಮೂಟೆ ನೋಡಿದೆ. ಯುಗಾದಿಗೆ ಬಿಚ್ಚಿದ ಮೂಟೆ, ಬಾಯಿ ಕಟ್ಟಿರಲಿಲ್ಲ, ಮೇಲೆ ಶೀಟಿನ ಸೆಕೆ. ಬ್ಲೀಚಿಂಗ್ ಪೌಡರ್ ಗಾಳಿಗೆ ಬಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಅಳತೆ ಸರಿ ಇತ್ತು, ಪುಡಿ ಸತ್ತಿತ್ತು. ಅಪ್ಪ ಎಷ್ಟು ತಿಂಗಳಿಂದ ಸುಣ್ಣ ಸುರಿಯುತ್ತಿದ್ದನೋ.

ಪಂಪ್‌ಹೌಸಿನ ಗೂಡಿನಲ್ಲಿ ಪಂಚಾಯಿತಿಯ ಒಂದು ಪುಸ್ತಕ ಇದೆ. ಅಪ್ಪ ಅದನ್ನು ತೆಗೆದು ಧೂಳು ಕೊಡವಿದ. ಕ್ಲೋರಿನ್ ಅನ್ನುವ ಕಾಲಂನಲ್ಲಿ ಪುಟಗಟ್ಟಲೆ 0.2, 0.2, 0.2. ಅವನ ಕೈಬರಹ. ನಾನು ಏನೂ ಅನ್ನಲಿಲ್ಲ, ಅನ್ನುವ ಮುಖ ನನಗೆಲ್ಲಿದೆ?

"ಇವತ್ತು ಏನ್ ಬರೀಲಿ?"

"ಸೊನ್ನೆ ಅಂತ ಬರಿ."

"ಬೈತಾರೆ ಕಣೋ."

"ಬೈಲಿ. ಹೊಸ ಮೂಟೆ ಕೇಳಬೇಕಲ್ಲ."

ಅಪ್ಪ ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತ. ಆಮೇಲೆ ಕಾಲಂನೊಳಗೆ ದುಂಡಗೆ ಒಂದು ಸೊನ್ನೆ ಬರೆದ. ಪಕ್ಕದಲ್ಲಿ ಟೈಮೂ ಹಾಕಿದ, 6.40.